ಸಾಕುಮಗ

ಜಗಳಕ್ಕೆ ಕಾರಣವಾದ ಸುದ್ದಿಯನ್ನು ಮನೆಗೆ ತಂದವನು ಕಿಟ್ಟು. ತಂದ ದಿನ ಅದು ಸಂತೋಷದ ಸುದ್ದಿಯೇ ಆಗಿತ್ತು.

೧೯೯೧ರ ಮಳೆಗಾಲ. ಸಯನ್ ಸ್ಟೇಷನ್ನಿಗೆ ಹತ್ತಿರದ ಹಳೇ ಬಿಲ್ಡಿಂಗೊಂದರಲ್ಲಿ ಸತ್ಯಮೂರ್ತಿಯ ಮನೆ. ಭಾನುವಾರವಾದ್ದರಿಂದ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಸತ್ಯಮೂರ್ತಿ ಫೋರ್ಟಿನ ವಿಮಾ ಕಚೇರಿಯೊಂದರಲ್ಲಿ ಅಧಿಕಾರಿ. ಹೆಂಡತಿ ಪಂಕಜಾ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರು. ಮಗಳು ಪ್ರಫುಲ್ಲಾ ಮಾಟುಂಗದ ಕಾಲೇಜಿನಲ್ಲಿ ಓದುತ್ತಿದ್ದಳು. ಮಗ ಕಿಟ್ಟುವಿಗೆ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಬಡಿಸುತ್ತಿದ್ದವರು ಸತ್ಯಮೂರ್ತಿಯ ತಾಯಿ ರಮಾಮಣಿ. ಎಪ್ಪತ್ತು ದಾಟಿದ್ದರೂ ಅವರು ಅಡುಗೆಮನೆಯನ್ನು ಸೊಸೆಗೆ ಬಿಟ್ಟುಕೊಟ್ಟಿರಲಿಲ್ಲ. ಸೊಸೆಯೂ ಕೇಳಿರಲಿಲ್ಲ.

"ಅಪ್ಪ, ನಮ್ಮ ತಾತ ತುರುವೇಕೆರೆ ಅಮಲ್ದಾರ್ ಸೂರಪ್ಪ, ಹೌದಲ್ವಾ?" ಎಂದ ಕಿಟ್ಟು.

"ಹೌದು. ಈಗ ಯಾಕೆ?"

"ಬೆಂಗಳೂರಿನಲ್ಲಿ ಹಿರಿಯಣ್ಣ ಅಂತ ಒಬ್ಬ ಪ್ರೊಫೆಸರ್ ಇದ್ದಾರೆ. ಅವರು ಸೂರಪ್ಪನವರ ಫ್ಯಾಮಿಲಿ ಪೂರಾ ಕಂಪ್ಯೂಟರಿಗೆ ಹಾಕಿದ್ದಾರೆ. ಮದ್ರಾಸ್, ದೆಹಲಿ, ಖರಗ್‌ಪುರ, ಎಲ್ಲಾ ಕಡೆಯಿಂದ ಜನ ಅವರಿಗೆ ಮೇಲ್ ಬರೆದು ಹೆಸರು ಸೇರಿಸ್ತಿದ್ದಾರೆ. 'ಈ ವಂಶದವರು ಯಾರಾದರೂ ಇದ್ದರೆ ಬರೀರಿ' ಅಂತ ನೋಟಿಸ್ ಹಾಕಿದ್ರು. ನಿನ್ನೆ ಕಣ್ಣಿಗೆ ಬಿತ್ತು."

"ಮೇಲ್ ಅಂದ್ರೆ?" ಎಂದಳು ಪಂಕಜಾ.

"ಕಾಗದಾನೇ ಅಮ್ಮ. ಇಲ್ಲಿ ನನ್ನ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ರೆ ಅಲ್ಲಿ ಅವರ ಕಂಪ್ಯೂಟರಿನಲ್ಲಿ ಕಾಣತ್ತೆ. ಟೆಲಿಫೋನ್ ಲೈನಿನಲ್ಲಿ ಹೋಗೋದು."

ಸತ್ಯಮೂರ್ತಿಯ ಕೈ ತಟ್ಟೆಯಲ್ಲೇ ನಿಂತಿತು. "ಹಿರಿಯಣ್ಣ ನಮ್ಮ ದೊಡ್ಡಮ್ಮನ ಮೊಮ್ಮಗ ಕಣೋ. ನಾನು ಅವನಿಗೆ ಚಿಕ್ಕಪ್ಪ ಆಗಬೇಕು."

"ನಿನಗಿಂತ ಒಂದು ವರ್ಷಕ್ಕೆ ಚಿಕ್ಕವನು ನಿನ್ನ ಹಿರಿಯಣ್ಣ" ಎಂದರು ರಮಾಮಣಿ ನಗುತ್ತಾ. "ಸತ್ಯು, ತೊಟ್ಟಿಲಲ್ಲಿ ಹಾಕಿ ನಾನೇ ತೂಗ್ತಿದ್ದೆ. ಅತ್ತರೆ ಇಡೀ ಬೀದಿಗೆ ಕೇಳೋದು. ಈಗ ಪ್ರೊಫೆಸರೇ?"

"ನಮ್ಮ ಹೆಸರೆಲ್ಲ ಬರೆದು ಕಳಿಸು" ಎಂದ ಸತ್ಯಮೂರ್ತಿ. "ಇವತ್ತೇ ಕಳಿಸು."

"ಇವತ್ತು ಸಂಡೇ, ಅಪ್ಪ."

ಆ ವಾರವೆಲ್ಲ ಸತ್ಯಮೂರ್ತಿಗೆ ಬೇರೆ ಮಾತೇ ಇರಲಿಲ್ಲ. ಲೋಕಲಿನಲ್ಲಿ ಜೊತೆಗೆ ಬರುವ ಗೆಳೆಯರಿಗೂ ಹೇಳಿದ. ತಂದೆ ಅಮಲ್ದಾರರಾಗಿದ್ದರು ಎಂಬುದನ್ನು ಅವನು ಆ ಗೆಳೆಯರಿಗೆ ಮೊದಲೂ ಎಷ್ಟೋ ಸಲ ಹೇಳಿದ್ದ. ಹೇಳದೆ ಉಳಿಸಿಕೊಂಡದ್ದೂ ಇತ್ತು.

ರಮಾಮಣಿ ಅಮಲ್ದಾರರ ಮನೆಗೆ ಹೋದದ್ದು ಅಡುಗೆಗೆ. ತಂದೆತಾಯಿ ಇಲ್ಲದ ಹುಡುಗಿಯನ್ನು ಸೋದರಮಾವ ಕರೆತಂದು ಬಿಟ್ಟಿದ್ದ. ಅಮಲ್ದಾರರ ಹೆಂಡತಿ ಸರಸ್ವತಮ್ಮ ಕೀಲುನೋವಿನಿಂದ ಹಾಸಿಗೆ ಹಿಡಿದಿದ್ದರು. ಒಂದು ದಿನ ಅಮಲ್ದಾರರು ರಮಾಮಣಿಯನ್ನು ಶಿವಗಂಗೆ ಬೆಟ್ಟಕ್ಕೆ ಕರೆದುಕೊಂಡು ಹೋಗಿ ತಾಳಿ ಕಟ್ಟಿದರು. ಮರುವರ್ಷ ಸತ್ಯಮೂರ್ತಿ ಹುಟ್ಟಿದ. ಅವನಿಗೆ ಏಳು ವರ್ಷವಾಗಿದ್ದಾಗ ಅಮಲ್ದಾರರು ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನವೇ ಸರಸ್ವತಮ್ಮನ ಮಗ ತಾಯಿ-ಮಗು ಇಬ್ಬರನ್ನೂ ಗಾಡಿ ಹತ್ತಿಸಿದ. ಸೋದರಮಾವ ಆಗ ಮುಂಬಯಿ ಸೇರಿದ್ದ. ಅವನು ಮಾಟುಂಗದ ಒಂದು ಮೆಸ್ಸಿನಲ್ಲಿ ರಮಾಮಣಿಗೆ ಅಡುಗೆ ಕೆಲಸ ಕೊಡಿಸಿದ. ಆ ಮೆಸ್ಸಿನ ಹಿಂದಿನ ಕೋಣೆಯಲ್ಲಿ ಓದಿಕೊಂಡೇ ಸತ್ಯಮೂರ್ತಿ ಪದವೀಧರನಾದ. ಊಟಕ್ಕೆ ಬರುವವರು ಅವನನ್ನು "ಏ ಅಡಿಗೆಯಮ್ಮನ ಮಗ, ನೀರು ತಾರೋ" ಎಂದು ಕರೆಯುತ್ತಿದ್ದರು. ಕೆಲಸ ಸಿಕ್ಕ ತಿಂಗಳೇ ಅವನು ತಾಯಿಗೆ ಮೆಸ್ ಬಿಡಿಸಿದ. ಮಾಟುಂಗದ ಆ ರಸ್ತೆಯಲ್ಲಿ ಮತ್ತೆ ಕಾಲಿಡಲಿಲ್ಲ.

ಮುಂದಿನ ಶನಿವಾರ ಕಿಟ್ಟು ವಂಶಾವಳಿಯನ್ನು ಪ್ರಿಂಟ್ ಮಾಡಿಸಿ ತಂದ. ಎರಡೂ ಅಂಚಿಗೆ ತೂತುಗಳಿದ್ದ ಉದ್ದನೆಯ ಕಾಗದ ಹಾಲಿನ ಗೋಡೆಯಿಂದ ಬಾಗಿಲಿನವರೆಗೂ ಹಾಸಿಕೊಂಡಿತು. ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿದ್ದವು. ಸತ್ಯಮೂರ್ತಿ ಮಂಡಿಯೂರಿ ಕನ್ನಡಕ ಸರಿಮಾಡಿಕೊಂಡು ಓದುತ್ತಾ ಹೋದ. ಸೂರಪ್ಪ, ಹೆಂಡತಿ ಸರಸ್ವತಮ್ಮ. ಅವರಿಗೆ ಒಬ್ಬ ಮಗ. ಆ ಮಗನಿಗೆ ಹಿರಿಯಣ್ಣನೂ ಮೂವರು ತಂಗಿಯರೂ. ಅವರ ಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು.

"ನಮ್ಮದೆಲ್ಲಿ?"

"ಇನ್ನೂ ಸೇರಿಸಿಲ್ಲ. ಹೆಸರು ಕಳಿಸಿದೆ. ಉತ್ತರ ಬಂದಿದೆ." ಕಿಟ್ಟು ತಲೆ ಕೆರೆದುಕೊಂಡ. "ನೀವು ಹೊರಗೆ ಬನ್ನಿ, ಹೇಳ್ತೀನಿ."

ಇಬ್ಬರೂ ಬಾಲ್ಕನಿಗೆ ಹೋದರು. ಹಿರಿಯಣ್ಣನ ಉತ್ತರ ಬಹಳ ಮರ್ಯಾದೆಯದಾಗಿತ್ತು. ತಮ್ಮ ತಾತನಿಗೆ ಎರಡನೇ ಮದುವೆಯಾಗಿದ್ದನ್ನು ತಾವು ಕೇಳಿಲ್ಲ. ರಮಾಮಣಿ ಎಂಬ ಹೆಸರಿನ ಅಡುಗೆಯವರು ಮನೆಯಲ್ಲಿದ್ದರು ಎಂದು ತಂದೆಯವರು ಹೇಳುತ್ತಿದ್ದುದುಂಟು. ಮದುವೆಯ ಬಗ್ಗೆ ಏನಾದರೂ ಆಧಾರವಿದ್ದರೆ ಖಂಡಿತ ಸೇರಿಸುತ್ತೇವೆ, ತಪ್ಪು ತಿಳಿಯಬಾರದು.

ಸತ್ಯಮೂರ್ತಿ ಕೆಳಗೆ ರಸ್ತೆಯನ್ನು ನೋಡುತ್ತಾ ನಿಂತ. "ಅಜ್ಜಿಗೆ ಹೇಳಬೇಡ" ಎಂದ.

ಮರುದಿನ ಬೆಳಿಗ್ಗೆ ಅವನು ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತ. ರಮಾಮಣಿ ಹುರುಳಿಕಾಯಿ ಹೆಚ್ಚುತ್ತಿದ್ದರು.

"ಅಮ್ಮ, ಶಿವಗಂಗೆಯಲ್ಲಿ ಮದುವೆ ಮಾಡಿಸಿದ ಪುರೋಹಿತರ ಹೆಸರೇನು?"

"ಅದೆಲ್ಲ ಈಗ ಯಾಕೋ?"

"ಸುಮ್ನೆ. ವಂಶಾವಳಿಗೆ."

ರಮಾಮಣಿಯ ಮುಖ ಅರಳಿತು. ಆ ದಿನದ ಬಗ್ಗೆ ಇಷ್ಟು ವರ್ಷದಲ್ಲಿ ಯಾರೂ ಅವರನ್ನು ಕೇಳಿರಲಿಲ್ಲ. "ಹೆಸರು ನೆನಪಿಲ್ಲ ಕಣೋ. ಬೆಳ್ಳಗೆ, ಎತ್ತರಕ್ಕೆ ಇದ್ರು. ಬೆಟ್ಟ ಹತ್ತುವಾಗ ನನಗೆ ಉಸಿರು ಕಟ್ಟಿತ್ತು. ನಿಮ್ಮ ತಂದೆ ಒಂದು ಕಡೆ ಕೂರಿಸಿ ನೀರು ಕುಡಿಸಿದ್ರು. ಹಸಿರು ಸೀರೆ ತಂದುಕೊಟ್ಟಿದ್ರು. ಉದ್ದ ಹೆಚ್ಚಾಗಿ ಕಾಲಿಗೆ ತೊಡರೋದು."

"ಜೊತೆಗೆ ಯಾರಿದ್ರು?"

"ಗಾಡಿ ಹೊಡೆಯೋನು ಇದ್ದ. ಬೆಟ್ಟದ ಕೆಳಗೇ ನಿಂತ. ಮೇಲೆ ಬರಲಿಲ್ಲ."

"ಹಾಗಾದ್ರೆ ನೋಡಿದವರು ಯಾರೂ ಇಲ್ಲ?"

"ದೇವರು ಇದ್ದ" ಎಂದು ರಮಾಮಣಿ ನಕ್ಕರು.

ಸತ್ಯಮೂರ್ತಿ ನಗಲಿಲ್ಲ. ಮರುದಿನ ಮತ್ತೆ ಕೇಳಿದ. ಯಾವ ಮಾಸ? ಮನೆಗೆ ಬಂದ ಮೇಲೆ ಹೊಸಿಲು ಪೂಜೆ ಮಾಡಿಸಿದರೇ? ಸರಸ್ವತಮ್ಮ ಏನೆಂದರು? ಊರವರನ್ನು ಊಟಕ್ಕೆ ಕರೆದರೇ? ದಿನವೂ ಒಂದೊಂದು ಪ್ರಶ್ನೆ ತರತೊಡಗಿದ. ಮೊದಮೊದಲು ಉತ್ಸಾಹದಿಂದ ಹೇಳುತ್ತಿದ್ದ ರಮಾಮಣಿ ಆಮೇಲೆ ನಿಧಾನಿಸಿದರು. ಒಮ್ಮೆ ಪುಷ್ಯ ಮಾಸ ಎಂದವರು ಇನ್ನೊಮ್ಮೆ ಮಾಘ ಎಂದುಬಿಟ್ಟರು.

"ಮೊನ್ನೆ ಪುಷ್ಯ ಅಂದ್ಯಲ್ಲಮ್ಮ!" ಸತ್ಯಮೂರ್ತಿಯ ದನಿ ಏರಿತು. "ಸರಿಯಾಗಿ ನೆನಪು ಮಾಡಿಕೊಂಡು ಹೇಳು. ಹೀಗೆ ಒಂದೊಂದು ಸಲ ಒಂದೊಂದು ಹೇಳಿದ್ರೆ ಯಾರು ನಂಬ್ತಾರೆ?"

"ಯಾರು ನಂಬಬೇಕು?" ಎಂದರು ರಮಾಮಣಿ.

ಅಲ್ಲೇ ತಲೆ ಬಾಚಿಕೊಳ್ಳುತ್ತಿದ್ದ ಪ್ರಫುಲ್ಲಾ ತಡೆಯಲಾರದೆ ಬಾಚಣಿಗೆ ಎಸೆದಳು. ಅವಳ ಕನ್ನಡ ಸಿಟ್ಟಿನಲ್ಲಿ ಅರ್ಧ ಹಿಂದಿಯಾಗುತ್ತಿತ್ತು. "ಬತಾ ದೋ ನಾ ಅಪ್ಪ, ಹೇಳಿಬಿಡಿ! ಯಾಕೆ ಚುಪ್ ಕೂತ್ರಿ? ಅಜ್ಜಿ, ಆ ಹಿರಿಯಣ್ಣ ನಿಮ್ಮನ್ನ ಅಡುಗೆಯವಳು ಅಂತ ಬರೆದಿದ್ದಾರೆ. ಶಾದಿ ಆಗೇ ಇಲ್ಲ ಅಂತೆ. ಪ್ರೂಫ್ ಕೊಡಿ ಅಂತೆ. ಅದಕ್ಕೇ ಅಪ್ಪ ರೋಜ್ ರೋಜ್ ಕೇಳ್ತಿರೋದು!"

"ಪ್ರಫುಲ್ಲಾ!" ಎಂದು ಪಂಕಜಾ ಒಳಗಿನಿಂದ ಕೂಗಿದಳು. ಆಗಲೇ ತಡವಾಗಿತ್ತು.

ರಮಾಮಣಿ ಈಳಿಗೆಮಣೆಯನ್ನು ಗೋಡೆಗೆ ಒರಗಿಸಿ ಕೈ ತೊಳೆದುಕೊಂಡರು. "ಹಿರಿಯಣ್ಣ ಕೇಳಿದ್ದು ಸರಿ. ಅವನಿಗೆ ಗೊತ್ತಿಲ್ಲ. ನಿನಗೆ ಯಾಕೋ ಅನುಮಾನ ಬಂತು?"

"ನನಗೆ ಅನುಮಾನ ಇಲ್ಲಮ್ಮ. ಅವರಿಗೆ ತೋರಿಸಬೇಕಲ್ಲ..."

"ಪುಷ್ಯವೋ ಮಾಘವೋ ಅಂತ ನೀನು ಕಿರುಚಿದ್ದು ಅವರಿಗಲ್ಲ, ನನಗೆ."

ಅಂದಿನಿಂದ ರಮಾಮಣಿ ಮನೆಯವರಿಗೆ ಅಡುಗೆ ಮಾಡುವುದನ್ನು ನಿಲ್ಲಿಸಿದರು. ಎಲ್ಲರ ಊಟವಾದ ಮೇಲೆ ಸಣ್ಣ ಪಾತ್ರೆಯಲ್ಲಿ ತಮಗೊಬ್ಬರಿಗೇ ಒಂದು ಹಿಡಿ ಅಕ್ಕಿ ಬೇಯಿಸಿಕೊಂಡು ಮಜ್ಜಿಗೆ ಹಾಕಿ ಉಣ್ಣುತ್ತಿದ್ದರು. ಯಾರಾದರೂ ಕೇಳಿದರೆ "ಕೈಲಾಗಲ್ಲ ಕಣಮ್ಮ" ಎನ್ನುವರು. ಅಷ್ಟೇ.

ಪಂಕಜಾಳ ಪಾಡು ಕೆಟ್ಟಿತು. ಬೆಳಗಿನ ಜಾವ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೇ ಎದ್ದು ಪಿಪಾಯಿ ತುಂಬಿಸಿ, ಹಾಲಿನ ಬೂತಿಗೆ ಹೋಗಿ ಬಂದು, ಕುಕ್ಕರ್ ಇಟ್ಟು, ನಾಲ್ಕು ಡಬ್ಬಿ ಕಟ್ಟಿ ಶಾಲೆಗೆ ಓಡಬೇಕು. ಸಂಜೆ ಊದಿದ ಕಾಲು ಎಳೆದುಕೊಂಡು ಬಂದರೆ ಸಿಂಕಿನಲ್ಲಿ ಬೆಳಗಿನ ಪಾತ್ರೆ. ಸತ್ಯಮೂರ್ತಿ ಒಂದು ದಿನ ಡಬ್ಬಿಯ ಪಲ್ಯವನ್ನು ಹಾಗೇ ವಾಪಸು ತಂದ.

"ಉಪ್ಪೇ ಇರಲಿಲ್ಲ. ಫೋರ್ಟಿನಲ್ಲಿ ಉಡುಪಿ ಹೋಟೆಲಿಗೆ ಹೋಗಿ ತಿಂದೆ."

ಪಂಕಜಾ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿದಳು. "ನಾಳೆಯಿಂದ ಅಲ್ಲೇ ತಿನ್ನಿ. ಇಲ್ಲಾಂದ್ರೆ ಅಮ್ಮನ ಕಾಲು ಹಿಡಿದು ತಪ್ಪಾಯ್ತು ಅನ್ನಿ."

"ನಾನೇನು ತಪ್ಪು ಮಾಡಿದೆ? ಮದುವೆ ಮಾಡಿಸಿದವರು ಯಾರು ಅಂತ ಕೇಳಿದ್ದು ತಪ್ಪಾ?"

"ನಮ್ಮ ಮದುವೆ ಮಾಡಿಸಿದವರು ಯಾರು? ಹೇಳಿ ನೋಡೋಣ."

ಸತ್ಯಮೂರ್ತಿ ಯೋಚಿಸಿದ. "ಅದೇ, ಛತ್ರದ ಶಾಸ್ತ್ರಿಗಳು... ಏನೋ ಹೆಸರು."

"ನೋಡಿದ್ರಾ? ನಮ್ಮದು ಇನ್ನೂರು ಜನರ ಮುಂದೆ ಆದ ಮದುವೆ. ಅಮ್ಮನಿಗೆ ಆಗ ಹದಿನೆಂಟೋ ಹತ್ತೊಂಬತ್ತೋ. ಹೆದರಿಕೊಂಡು ಬೆಟ್ಟ ಹತ್ತಿದ ಹುಡುಗಿ ಪುರೋಹಿತರ ಹೆಸರು ಕೇಳಿಕೊಂಡು ಬರಬೇಕಿತ್ತಾ?"

"ನಿನಗೆ ಅರ್ಥವಾಗಲ್ಲ ಪಂಕಜಾ. ನಿಮ್ಮಪ್ಪನ ಹೆಸರು ಕೇಳಿದವರು ಯಾರೂ ನಿನ್ನ ಮುಖ ನೋಡಿ ನಕ್ಕಿಲ್ಲ. ಆ ಮೆಸ್ಸಿನಲ್ಲಿ ನಾನು ತಟ್ಟೆ ಎತ್ತಿದವನು. ಒಂದು ಸಲ, ಒಂದೇ ಸಲ, ನನ್ನ ಹೆಸರು ನಮ್ಮಪ್ಪನ ಹೆಸರಿನ ಕೆಳಗೆ ಬರಲಿ ಅಂದೆ."

"ಬರಲಿ. ಅಮ್ಮನ ತಲೆ ಮೇಲೆ ಕಾಲಿಟ್ಟು ಬರೋದು ಬೇಡ ಅಂದೆ ನಾನು."

ರಮಾಮಣಿ ಪಕ್ಕದ ಕೋಣೆಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಎಲ್ಲ ಕೇಳಿಸುವಂಥ ಮನೆ ಅದು.

ದೀಪಾವಳಿ ಬಂತು, ಹೋಯಿತು. ಕಿಟ್ಟು ಬೆಂಗಳೂರಿಗೆ ಮೇಲ್ ಬರೆಯುವುದು, ಅಲ್ಲಿಂದ ಉತ್ತರ ಬರುವುದು ನಡೆದೇ ಇತ್ತು. ಅಪ್ಪ ಹೇಳಿದ್ದನ್ನು ಅವನು ಇಂಗ್ಲಿಷಿಗೆ ಹಾಕಿ ಕಳಿಸುತ್ತಿದ್ದ. "ನೀನಾದರೂ ಬರೆಯಲ್ಲ ಅನ್ನಬಾರದಾ?" ಎಂದು ಪ್ರಫುಲ್ಲಾ ಅಣ್ಣನನ್ನು ತರಾಟೆಗೆ ತೆಗೆದುಕೊಂಡಳು. "ಅರೇ, ನನ್ನ ಕೆಲಸ ಟೈಪ್ ಮಾಡೋದು, ಬಸ್. ಬೀಚ್ ಮೇ, ನಿಮ್ಮ ಮಧ್ಯೆ, ನನ್ನನ್ನ ಎಳೀಬೇಡ" ಎಂದ ಕಿಟ್ಟು. ಅವನಿಗೆ ಆ ವಂಶಾವಳಿ ಒಂದು ಒಳ್ಳೆಯ ಪ್ರೋಗ್ರಾಮಾಗಿ ಇಷ್ಟವಾಗಿತ್ತು. ಬೆಂಗಳೂರಿನಲ್ಲಿ ಯಾರೋ ಮಗು ಹುಟ್ಟಿದ ಸುದ್ದಿ ಸೇರಿಸಿದರೆ ಮರುದಿನವೇ ಮುಂಬಯಿಯಲ್ಲಿ ಕಾಣುತ್ತಿತ್ತು.

ಡಿಸೆಂಬರಿನಲ್ಲಿ ಹಿರಿಯಣ್ಣ ಒಂದು ಸಮ್ಮೇಳನಕ್ಕೆ ಮುಂಬಯಿಗೆ ಬರುವುದಾಗಿ ತಿಳಿಸಿದರು. ಸತ್ಯಮೂರ್ತಿ ಊಟಕ್ಕೆ ಕರೆದ. ಹಿಂದಿನ ಸಂಜೆ ತಾಯಿಯ ಮುಂದೆ ಹೋಗಿ ನಿಂತ.

"ಅಮ್ಮ, ನಾಳೆ ಒಂದು ದಿನ..."

"ಮಾಡ್ತೀನಿ ಬಿಡು" ಎಂದರು ರಮಾಮಣಿ. "ನಾನು ತೂಗಿದ ಮಗು ಬರ್ತಾನೆ. ಪಂಕಜಾ ಕೈಲಿ ಯಾಕೆ ಮಾಡಿಸ್ತಿ?"

ತಿಂಗಳುಗಳ ನಂತರ ಆ ಮನೆಯಲ್ಲಿ ಒಗ್ಗರಣೆಯ ಸದ್ದು ಸರಿಯಾಗಿ ಕೇಳಿತು. ರಮಾಮಣಿ ಬೂದುಗುಂಬಳದ ಮಜ್ಜಿಗೆಹುಳಿ, ಹಾಗಲಕಾಯಿ ಗೊಜ್ಜು, ಹಯಗ್ರೀವ ಮಾಡಿದರು. ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟರು. "ನನ್ನನ್ನು ನೋಡಿದ್ರೆ ಗುರುತು ಹಿಡೀತಾನಾ?" ಎಂದು ಪ್ರಫುಲ್ಲಾಳನ್ನು ಎರಡು ಸಲ ಕೇಳಿದರು. ಅವರು ಆ ಮನೆ ಬಿಟ್ಟಾಗ ಹಿರಿಯಣ್ಣನಿಗೆ ಐದೋ ಆರೋ ವರ್ಷ.

ಹಿರಿಯಣ್ಣ ಸೌಮ್ಯ ಮನುಷ್ಯ. ಚಪ್ಪಲಿ ಹೊರಗೆ ಜೋಡಿಸಿಟ್ಟು ಬಂದರು. ಹಣ್ಣಿನ ಬುಟ್ಟಿ ತಂದಿದ್ದರು. ರಮಾಮಣಿ ಹತ್ತಿರ ಹೋಗಿ "ಹಿರಿಯಣ್ಣ, ಚೆನ್ನಾಗಿದ್ದೀಯೇನಪ್ಪ?" ಎಂದರೆ, ಕೈಮುಗಿದು "ಚೆನ್ನಾಗಿದ್ದೀನಿ, ತಾವು ಚೆನ್ನಾಗಿದ್ದೀರಾ?" ಎಂದರು. ಅವರು ಯಾವ ಸಂಬಂಧ ಹೇಳಿಯೂ ಕರೆಯಲಿಲ್ಲ. ಸತ್ಯಮೂರ್ತಿಯನ್ನೂ "ಸತ್ಯಮೂರ್ತಿಗಳೇ" ಎಂದೇ ಮಾತಾಡಿಸಿದರು.

ಊಟಕ್ಕೆ ಕೂತು ಮಜ್ಜಿಗೆಹುಳಿಯ ಮೊದಲ ತುತ್ತಿಗೇ ಅವರು ತಲೆಯೆತ್ತಿದರು. "ಏನಾಶ್ಚರ್ಯ! ಇದು ನಮ್ಮ ಅಜ್ಜಿಯ ಕೈರುಚಿ. ತುರುವೇಕೆರೆ ಮನೆಯಲ್ಲಿ ಉಂಡ ಹಾಗಿದೆ."

"ನಿಮ್ಮ ಅಜ್ಜಿ ಪಾಪ ಹಾಸಿಗೆ ಬಿಟ್ಟು ಏಳ್ತಿರಲಿಲ್ಲಪ್ಪ" ಎಂದರು ರಮಾಮಣಿ. "ನೀನು ಉಂಡಿದ್ದು ಈ ಕೈಯಿಂದಲೇ."

ಹಿರಿಯಣ್ಣ ತಟ್ಟೆ ನೋಡಿಕೊಂಡರು. "ಹೌದಂತೆ. ಆಗ ಮನೆಯಲ್ಲಿದ್ದ ಅಡುಗೆಯವರು ಬಹಳ ಚೆನ್ನಾಗಿ ಮಾಡ್ತಿದ್ರು ಅಂತ ನಮ್ಮ ತಂದೆ ಹೇಳೋರು."

ರಮಾಮಣಿ ಹಯಗ್ರೀವದ ಪಾತ್ರೆಯನ್ನು ಸೊಸೆಯ ಕೈಗೆ ಕೊಟ್ಟು ಒಳಗೆ ಹೋದರು.

ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಾ ಹಿರಿಯಣ್ಣ ತಾವಾಗಿಯೇ ವಿಷಯ ತೆಗೆದರು. ಏಪ್ರಿಲಿನಲ್ಲಿ ಬೆಂಗಳೂರಿನ ಛತ್ರವೊಂದರಲ್ಲಿ ವಂಶದವರೆಲ್ಲ ಸೇರುತ್ತಿದ್ದಾರೆ. ಅಷ್ಟರೊಳಗೆ ವಂಶಾವಳಿ ಪೂರ್ತಿಯಾಗಬೇಕು.

"ನನ್ನ ತಂಗಿಯರು ಒಪ್ಪಲ್ಲ, ಸತ್ಯಮೂರ್ತಿಗಳೇ. ಎರಡನೇ ಮದುವೆ ಅಂತ ಬರೆದರೆ ಅಜ್ಜಿಗೆ ಅವಮಾನ ಅಂತಾರೆ. ನಿಮ್ಮನ್ನು ಬಿಡೋದಕ್ಕೂ ನನಗೆ ಮನಸ್ಸಿಲ್ಲ. ಒಂದು ದಾರಿ ಇದೆ. ಸೂರಪ್ಪ, ಸರಸ್ವತಮ್ಮ ದಂಪತಿಗಳ ಸಾಕುಮಗ ಅಂತ ಹಾಕಿದರೆ ಯಾರ ತಕರಾರೂ ಇರಲ್ಲ. ನೀವು, ನಿಮ್ಮ ಮಕ್ಕಳು, ಎಲ್ಲರೂ ಬರ್ತೀರಿ."

"ಸಾಕುಮಗ ಅನ್ನೋದಕ್ಕೆ ಆಧಾರ ಬೇಡವಾ?" ಎಂದಳು ಪಂಕಜಾ. "ತಾಳಿಗೆ ಮಾತ್ರ ಬೇಕಾ?"

"ಪಂಕಜಾ, ಸುಮ್ಮನಿರು" ಎಂದ ಸತ್ಯಮೂರ್ತಿ.

"ಯೋಚನೆ ಮಾಡಿ" ಎಂದರು ಹಿರಿಯಣ್ಣ. "ಬಲವಂತ ಇಲ್ಲ. ಬೇಡ ಅಂದ್ರೂ ನಮ್ಮ ಸ್ನೇಹ ಇದ್ದೇ ಇರತ್ತೆ, ಚಿಕ್ಕಪ್ಪ."

ಆ ಮಾತು ಬಾಯಿತಪ್ಪಿ ಬಂತೋ ಬೇಕೆಂದೇ ಬಂತೋ ಹೇಳುವಂತಿರಲಿಲ್ಲ. ಸತ್ಯಮೂರ್ತಿ ಅದನ್ನು ಕೇಳಿದ. ಪ್ರೊಫೆಸರೊಬ್ಬರು, ಸೂರಪ್ಪನವರ ಮೊಮ್ಮಗ, ತನ್ನ ಮನೆಯ ಸೋಫಾದ ಮೇಲೆ ಕೂತು ತನ್ನನ್ನು ಚಿಕ್ಕಪ್ಪ ಎಂದಿದ್ದರು.

"ಯೋಚನೆ ಮಾಡೋದೇನಿದೆ" ಎಂದ. "ಹಾಗೇ ಹಾಕಿ."

ರಮಾಮಣಿ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕೈಯಲ್ಲಿ ಎಲೆಯಡಿಕೆಯ ತಟ್ಟೆ ಹಾಗೇ ಇತ್ತು.

"ಸಾಕುಮಗ ಅಂದ್ರೆ ಹೆತ್ತವರು ಬೇರೆ ಇರಬೇಕಲ್ಲಪ್ಪ ಹಿರಿಯಣ್ಣ? ಅವರ ಹೆಸರು ಏನಂತ ಬರೀತೀಯ?"

ಹಿರಿಯಣ್ಣ ಎದ್ದು ನಿಂತರು. "ಅದು... ಆ ಪ್ರೋಗ್ರಾಮಿನಲ್ಲಿ ಅದಕ್ಕೆ ಜಾಗ ಇಲ್ಲ. ಸಾಕಿದವರ ಹೆಸರು ಮಾತ್ರ ಹಾಕೋದು."

"ಸಾಕಿದ್ದೂ ನಾನೇ" ಎಂದರು ರಮಾಮಣಿ.

ಅವರು ಮಗನ ಕಡೆ ತಿರುಗಿದರು. ಸತ್ಯಮೂರ್ತಿ ಕಿಟಕಿಯ ಕಡೆ ನೋಡುತ್ತಿದ್ದ. "ಸೂರಪ್ಪನವರ ಮಗ ಅನ್ನಿಸಿಕೊಳ್ಳೋಕೆ ಹೋಗಿ ಯಾರ ಮಗನೂ ಅಲ್ಲ ಅಂತ ಬರೆಸಿಕೊಂಡೆಯಲ್ಲೋ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಹೋದರು.

ಹಿರಿಯಣ್ಣ ಹೋದ ಮೇಲೆ ಮನೆಯಲ್ಲಿ ದೊಡ್ಡ ಜಗಳವಾಯಿತು. ಪ್ರಫುಲ್ಲಾ ಅಪ್ಪನ ಮುಖಕ್ಕೇ "ಶರಮ್ ನಹೀ ಆತೀ? ನಾಚಿಕೆ ಆಗಲ್ವಾ?" ಎಂದು ಕೂಗಿದಳು. ಸತ್ಯಮೂರ್ತಿ ಅವಳ ಮೇಲೆ ಕೈಯೆತ್ತಿದ. ಪಂಕಜಾ ನಡುವೆ ಬಂದಳು. ಕೆಳಗಿನ ಮನೆಯ ಮರಾಠಿ ಹೆಂಗಸು ಮೆಟ್ಟಿಲ ಹತ್ತಿರ ಬಂದು "ಕಾಯ್ ಝಾಲಂ?" ಎಂದು ಏನಾಯಿತೆಂದು ವಿಚಾರಿಸಿ ಹೋದಳು. ಕಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದ.

ವಾರ ಕಳೆಯುವಷ್ಟರಲ್ಲಿ ಸತ್ಯಮೂರ್ತಿಗೆ ತಾನು ಮಾಡಿದ್ದು ಚುಚ್ಚತೊಡಗಿತು. ಅವನು ಮಗನನ್ನು ಬಾಲ್ಕನಿಗೆ ಕರೆದ.

"ಅವರು ಹಾಕಿಬಿಟ್ಟರಾ?"

"ನಿನ್ನೆಯೇ. ಎಲ್ಲಾ ಕಡೆ ಹೋಗಿದೆ."

"ತೆಗೆಯೋಕೆ ಆಗಲ್ವಾ?"

"ಆಗತ್ತೆ. ಒಂದು ನಿಮಿಷದ ಕೆಲಸ. ತೆಗೆದು ಏನು ಹಾಕಿ ಅಂತ ಬರೀಲಿ?"

ಸತ್ಯಮೂರ್ತಿ ಬಾಲ್ಕನಿಯ ಕಂಬಿ ಹಿಡಿದು ಲೆಕ್ಕ ಹಾಕಿದ. ತಾಯಿಯ ಹೆಸರಿಗೆ ಬೆಂಗಳೂರಿನವರು ಒಪ್ಪುವುದಿಲ್ಲ. ಸಾಕುಮಗ ಎಂಬುದನ್ನೂ ತೆಗೆಸಿದರೆ ತಾನೂ ಹೊರಗೆ. ರಾತ್ರಿ ಊಟದ ಹೊತ್ತಿಗೆ ತಾಯಿಯ ಹತ್ತಿರ ಹೋಗಿ "ನೀನು ಹೇಳಿದ್ರೆ ತೆಗೆಸಿಬಿಡ್ತೀನಮ್ಮ" ಎಂದ.

"ನಾನು ಹೇಳಿ ಹಾಕಿಸಿದೆಯಾ?" ಎಂದರು ರಮಾಮಣಿ.

ಅವನು ತೆಗೆಸಲಿಲ್ಲ.

ಮರುದಿನ ರಮಾಮಣಿ ಮೊದಲಿನಂತೆ ಎದ್ದು ಸ್ನಾನ ಮಾಡಿ ಒಲೆ ಹಚ್ಚಿದರು. ಡಬ್ಬಿ ಕಟ್ಟಿದರು. ಪಂಕಜಾಗೆ ಎದೆಯ ಭಾರ ಇಳಿದಂತಾಯಿತು, ಎಲ್ಲ ಸರಿಹೋಯಿತು ಎಂದುಕೊಂಡಳು. ಸಂಜೆ ಸತ್ಯಮೂರ್ತಿ ಬಂದಾಗ ರಮಾಮಣಿ ಕಾಫಿ ತಂದು ಅವನ ಮುಂದಿಟ್ಟು, "ರಾತ್ರಿಗೆ ಏನು ಮಾಡಲಿ, ಯಜಮಾನ್ರೆ?" ಎಂದು ಕೇಳಿದರು.

ಅವನು ತಮಾಷೆಯೆಂದುಕೊಂಡು ನಗಲು ನೋಡಿದ. ಅವರ ಮುಖದಲ್ಲಿ ನಗುವಿರಲಿಲ್ಲ. ಮರುದಿನವೂ ಹಾಗೇ ಕೇಳಿದರು. ಮೊಮ್ಮಕ್ಕಳೊಡನೆ, ಸೊಸೆಯೊಡನೆ ಎಂದಿನಂತೆ ಮಾತು. ಅವನೊಡನೆ ಮಾತ್ರ ಬಡಿಸಲೇ, ಸಾಕೇ, ಇನ್ನೇನಾದರೂ ಬೇಕೇ, ಇಷ್ಟೇ. ಬಹುವಚನ ಬಿಡಲಿಲ್ಲ. ಅವನು ಕೂತಿರುವಾಗ ಹಾಲಿನಲ್ಲಿ ಕೂರಲಿಲ್ಲ.

"ಏನಮ್ಮ ಇದು? ನಿಲ್ಲಿಸು" ಎಂದು ಅವನು ಒಂದು ದಿನ ಅತ್ತೇಬಿಟ್ಟ. "ನಾನು ನಿನ್ನ ಮಗ."

"ಹೌದಾ? ಎಲ್ಲಿ ಬರೆದಿದೆ?" ಎಂದರು ರಮಾಮಣಿ, ಮತ್ತು ನೀರಿನ ಲೋಟ ತುಂಬಿದರು.

ಏಪ್ರಿಲಿನಲ್ಲಿ ಸತ್ಯಮೂರ್ತಿ ಒಬ್ಬನೇ ಬೆಂಗಳೂರಿಗೆ ಹೋಗಿ ಬಂದ. ಪಂಕಜಾ ಪರೀಕ್ಷೆಯ ಪೇಪರುಗಳ ನೆಪ ಹೇಳಿದಳು, ಪ್ರಫುಲ್ಲಾ ನೆಪವನ್ನೂ ಹೇಳಲಿಲ್ಲ. ಅಲ್ಲಿ ಅವನಿಗೆ ಒಂದು ಶಾಲು ಹೊದಿಸಿದರಂತೆ. ಹಿರಿಯಣ್ಣನ ತಂಗಿಯರು "ಅಣ್ಣನಿಗೆ ಚಿಕ್ಕಪ್ಪ ಅಂದ್ರೆ ನಮಗೂ ಚಿಕ್ಕಪ್ಪ" ಎಂದರಂತೆ. ಬಂದು ಹೇಳಿದಾಗ ಕೇಳಿದವನು ಕಿಟ್ಟು ಒಬ್ಬನೇ.

ಅದಾದ ಮೇಲೆ ಒಂದು ಭಾನುವಾರ ವಾರಿಜಾ ಎಂಬ ಹೆಂಗಸು ಮುಲುಂಡಿನಿಂದ ಮನೆ ಹುಡುಕಿಕೊಂಡು ಬಂದರು. ಅರವತ್ತರ ಆಸುಪಾಸಿನ, ಜರಿಯಂಚಿನ ಸೀರೆಯುಟ್ಟ ಗೃಹಿಣಿ. ಸೂರಪ್ಪನವರ ತಮ್ಮನ ಮೊಮ್ಮಗಳು. ಅವರ ಅಳಿಯ ಮದ್ರಾಸಿನಲ್ಲಿ ಕಂಪ್ಯೂಟರಿನಲ್ಲಿ ವಂಶಾವಳಿ ನೋಡಿ, ನಿಮ್ಮ ಊರಿನಲ್ಲೇ ಒಂದು ಮನೆ ಇದೆ ಎಂದು ತಿಳಿಸಿದ್ದರಂತೆ.

"ಮೂವತ್ತು ವರ್ಷದಿಂದ ಒಂದೇ ಊರಿನಲ್ಲಿದ್ದೀವಿ, ಒಬ್ಬರಿಗೊಬ್ಬರು ಗೊತ್ತಿಲ್ಲ ನೋಡಿ" ಎಂದು ಅವರು ಮೈಸೂರುಪಾಕಿನ ಡಬ್ಬಿಯನ್ನು ಪಂಕಜಾಳ ಕೈಗೆ ಕೊಟ್ಟರು. "ನಿಮ್ಮನ್ನು ಸರಸ್ವತಮ್ಮನವರು ಸಾಕಿಕೊಂಡಿದ್ದಂತೆ. ಎಂಥ ದೊಡ್ಡ ಮನಸ್ಸು ಅವರದು!"

ಸತ್ಯಮೂರ್ತಿ "ಹೂಂ" ಎಂದ.

ರಮಾಮಣಿ ಕಾಫಿ ತಂದರು. ಮೊದಲು ಅತಿಥಿಗೆ, ಆಮೇಲೆ ಸತ್ಯಮೂರ್ತಿಗೆ. ವಾರಿಜಾ ಅವರ ಬಿಳಿಯ ಕೂದಲು, ಬರಿಯ ಹಣೆ ನೋಡಿ ಎದ್ದು ನಿಲ್ಲಲು ಹೊರಟರು. "ಇವರು...?"

ಸತ್ಯಮೂರ್ತಿ ಬಾಯಿ ತೆರೆದ. ಪಂಕಜಾ ಅವನನ್ನೇ ನೋಡುತ್ತಿದ್ದಳು. ಕೋಣೆಯ ಬಾಗಿಲಲ್ಲಿ ಪ್ರಫುಲ್ಲಾ ನಿಂತಿದ್ದಳು. ಅವನ ಬಾಯಿಂದ ಮಾತು ಹೊರಡುವುದಕ್ಕೆ ರಮಾಮಣಿಯೂ ಸ್ವಲ್ಪ ಹೊತ್ತು ಕಾದರು.

ಆಮೇಲೆ ತಾವೇ ಹೇಳಿದರು. "ಅಡುಗೆಯವಳು, ತಾಯಿ. ಕೂತ್ಕೊಳಿ. ಸಕ್ಕರೆ ಸಾಕಾ ನೋಡಿ."

"ಸಾಕು, ಸಾಕು. ಕಾಫಿ ಬಹಳ ಚೆನ್ನಾಗಿದೆ" ಎಂದು ವಾರಿಜಾ ಮತ್ತೆ ಕೂತರು. ರಮಾಮಣಿ ಒಳಗೆ ಹೋದ ಮೇಲೆ ದನಿ ತಗ್ಗಿಸಿ, "ಅದೃಷ್ಟವಂತರು ನೀವು. ಈಗಿನ ಕಾಲದಲ್ಲಿ ಮುಂಬಯಿಯಲ್ಲಿ ನಮ್ಮವರು ಅಡುಗೆಗೆ ಸಿಗೋದುಂಟಾ? ಬಹಳ ವರ್ಷದಿಂದ ಇದ್ದಾರಾ?" ಎಂದು ಕೇಳಿದರು.

"ಬಹಳ ವರ್ಷದಿಂದ" ಎಂದ ಸತ್ಯಮೂರ್ತಿ.

"ಹಾಗಾದ್ರೆ ಮನೆಯವರ ಹಾಗೇ ಅನ್ನಿ."

ಪಂಕಜಾ ಮೈಸೂರುಪಾಕಿನ ಡಬ್ಬಿಯನ್ನು ನೆಲದ ಮೇಲಿಟ್ಟು ಅಡುಗೆಮನೆಗೆ ನಡೆದಳು. ಪ್ರಫುಲ್ಲಾ ಅವಳ ಹಿಂದೆ ಹೋದಳು. ಸತ್ಯಮೂರ್ತಿ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.

"ಹೌದು" ಎಂದ. "ಮನೆಯವರ ಹಾಗೇ."